ಮಣ್ಣಿನ ಸರಕ್ಕೆ ಎಷ್ಟು ಗ್ರಾಂ?

ಮಣ್ಣಿನಲ್ಲಿ ಒಡವೆ ಮಾಡುವವಳ ಮನೆಗೆ ಬುದ್ಧಿವಂತರು ಬರುವುದಿಲ್ಲ ಅಂತಲ್ಲ. ಬರುತ್ತಾರೆ. ಆದರೆ ಹೊಸಿಲು ದಾಟುವಾಗ ಚಪ್ಪಲಿಯ ಜೊತೆ ಬುದ್ಧಿಯನ್ನೂ ಹೊರಗೆ ಕಳಚಿಟ್ಟು ಬರುತ್ತಾರೆ. ಇಲ್ಲದೆ ಹೋದರೆ ನನ್ನೊಬ್ಬಳಿಗೇ ಯಾಕೆ ಮೇಲಿಂದ ಮೇಲೆ ಇಂಥವೇ ಗಂಟುಬೀಳಬೇಕು?

ನಮ್ಮ ಮನೆ ಮದ್ದೂರಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗಿದರೆ ಕೇಳಿಸುವಷ್ಟು ಹತ್ತಿರ. ಮೊದಲು ಮಂಡ್ಯದ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದೆ. ಚಿತ್ರ ಬರೆದು ಡಾಕ್ಟರಾದವರು ಯಾರಾದರೂ ಇದ್ದಾರಾ ಎಂದು ಅಪ್ಪ ಅಮ್ಮಂದಿರು ಕೇಳಿದರು. ಶಾಲೆಯವರಿಗೆ ಉತ್ತರ ಹೊಳೆಯಲಿಲ್ಲ, ಆ ಪೀರಿಯಡ್ಡನ್ನೇ ತೆಗೆದುಹಾಕಿದರು. ಪೀರಿಯಡ್ಡಿನ ಜೊತೆ ನಾನೂ ಹೊರಗೆ ಬಂದೆ. ಕೈ ಸುಮ್ಮನಿರಬೇಕಲ್ಲ. ಕೆರೆ ಮಣ್ಣು ತಂದು, ಜರಡಿ ಹಿಡಿದು, ಕಲಸಿ ಮಣಿ, ಓಲೆ, ಜುಮಕಿ, ಪದಕ ಮಾಡಿ, ಹಿತ್ತಿಲಲ್ಲಿ ಹೊಟ್ಟು ಬೆರಣಿ ಒಟ್ಟಿ ಸುಟ್ಟು, ಬಣ್ಣ ಹಚ್ಚಿ, ದಾರಕ್ಕೆ ಪೋಣಿಸಿ ಮಾರುವುದಕ್ಕೆ ಶುರು ಮಾಡಿದೆ. ಬೆನ್ನು ಬಗ್ಗಿಸಿ ಕೂತು ಕೂತು ನಡ ಹಿಡಿದುಕೊಂಡಿತು. ಆದರೂ ನಮ್ಮ ಬೀದಿಯವರು ಇದನ್ನು ಕೆಲಸ ಅನ್ನಲಿಲ್ಲ. "ಪಾಪ, ಒತ್ತೋಗಲ್ಲ, ಏನೋ ಮಾಡ್ಕೊಂಡವ್ಳೆ" ಅಂದರು.

ಬೀದಿಯವರ ಮಾತು ಹಾಳಾಗಲಿ, ಮನೆಯಲ್ಲಿ ನಮ್ಮತ್ತೆ ಇದ್ದಾರೆ. ಕೆರಗೋಡಿನ ಕಡೆಯವರು. ಗದ್ದೆ, ಕಬ್ಬು, ದನ, ಚಿನ್ನ ಇವಿಷ್ಟನ್ನು ಬಿಟ್ಟರೆ ಪ್ರಪಂಚದಲ್ಲಿ ಉಳಿದದ್ದೆಲ್ಲ ದಂಡ ಎನ್ನುವುದು ಅವರ ಸಿದ್ಧಾಂತ. ಅವರ ಚಿನ್ನವೆಲ್ಲ ಬ್ಯಾಂಕಿನಲ್ಲಿ ಅಡವಾಗಿ ಮಲಗಿದೆ. ಕೊರಳಲ್ಲಿರುವುದು ಒನ್ ಗ್ರಾಂ ಗೋಲ್ಡು, ಬೇಸಿಗೆಯ ಬೆವರಿಗೆ ಕತ್ತು ಪಾಚಿ ಕಟ್ಟಿದ ಹಾಗೆ ಹಸಿರಾಗುತ್ತದೆ. ಆ ಹಸಿರು ಕತ್ತನ್ನು ಎತ್ತಿ ಹಿಡಿದು ನನ್ನ ಮಣಿಗಳ ಕಡೆ ನೋಡಿ, "ಇದು ಒಡ್ವೆ ಅಲ್ಲ ಕಣಮ್ಮಿ, ಮಕ್ಳಾಟ" ಅನ್ನುತ್ತಾರೆ. ನನಗೆ ಪ್ರಶಸ್ತಿ ಬೇಡ, ಪತ್ರಿಕೆಯಲ್ಲಿ ಫೋಟೋ ಬೇಡ. ನಾನು ಮಾಡಿದ್ದು ಒಡವೆ ಅಂತ ಆ ಬಾಯಿ ಒಂದು ಸಲ ಒಪ್ಪಬೇಕು. ಅದೊಂದೇ ನನ್ನ ಹಟ. ಆ ಹಟ ಹಿಡಿದು ಹೊರಟವಳ ಪಾಡು ಏನೇನಾಯಿತು ಹೇಳುತ್ತೇನೆ. ನಗು ಬಂದರೆ ನಗಿ. ನನಗಂತೂ ಇನ್ನೂ ಮೈ ಉರಿಯುತ್ತದೆ.

ಹಳೇದು ಕೊಟ್ಟು ಹೊಸದು

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸಿದ್ದಾರೆ. ಗಂಡ ಸರ್ಕಾರಿ ನೌಕರ. ಹಾಗಾಗಿ ಈಕೆಗೆ ತಿಳಿಯದ ವಿಷಯವಿಲ್ಲ. ಒಂದು ದಿನ ಸರ ನೋಡುವುದಕ್ಕೆ ಬಂದರು. ಕೈಗೆತ್ತಿಕೊಂಡು ಮೊದಲ ಪ್ರಶ್ನೆ:

"ಎಷ್ಟು ಗ್ರಾಂ ಬಿದ್ದೈತೆ?"

"ಇದು ಮಣ್ಣು ಕಣಕ್ಕ. ಗ್ರಾಂ ಲೆಕ್ಕ ಇಲ್ಲ."

"ಅದೆಂಗಾಯ್ತದೆ? ವೇಸ್ಟೇಜು ಎಷ್ಟು ಆಕ್ತೀರಿ?"

"ವೇಸ್ಟೇಜು ದಾಸವಾಳದ ಗಿಡದ ಬುಡದಲ್ಲಿದೆ, ಬೇಕಾದರೆ ತಗೊಂಡು ಹೋಗಿ" ಅಂದೆ. ಆಕೆ ನಗಲಿಲ್ಲ. ಚಿನ್ನದಂಗಡಿಯವನ ಮುಂದೆ ಕೂತಾಗ ಮುಖ ಹೇಗೆ ಬಿಗಿಯಾಗಿರಬೇಕೋ ಹಾಗೆಯೇ ಇಟ್ಟುಕೊಂಡು ಪದಕವನ್ನು ತಿರುಗಿಸಿ ನೋಡಿದರು.

"ಆಲ್‌ಮಾರ್ಕು ಇಲ್ವಲ್ಲ. ಮಣ್ಣು ಅಸ್ಲಿನಾ?"

ಮಣ್ಣಿನಲ್ಲಿ ನಕಲಿ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ಹೇಳಿ ಕಳಿಸಿದೆ. ಹೋದರು. ಮಾರನೆಯ ಬೆಳಗ್ಗೆ ಆಟೋದಲ್ಲಿ ಬಂದರು, ಜೊತೆಗೊಂದು ಗೋಣಿಚೀಲ. ಚೀಲ ನಮ್ಮ ಜಗಲಿಯ ಮೇಲೆ ಬಿಚ್ಚಿದರೆ ಒಳಗೆ ಬಾಯಿ ಒಡೆದ ನೀರಿನ ಮಡಕೆ, ಸೀಳು ಬಿಟ್ಟ ಬಾನಿ, ತುಳಸಿ ಒಣಗಿಹೋದ ಕುಂಡ.

"ಇದೇನಕ್ಕ?"

"ಅಳೇದು ಕೊಟ್ರೆ ಚಿನ್ನದಂಗ್ಡೀಲಿ ಒಸಾದು ಕೊಡಾಕಿಲ್ವಾ? ಎಕ್ಸ್‌ಚೇಂಜು. ನಿಮ್ದೂ ಮಣ್ಣೇ, ನಮ್ದೂ ಮಣ್ಣೇ. ತೂಕ ನೋಡಿ, ನಮ್ದೇ ಜಾಸ್ತಿ ಐತೆ. ನೀವೇ ಮೇಲೆ ಏನಾರ ಕೊಡ್ಬೇಕಾಯ್ತದೆ."

ಅಷ್ಟು ಹೊತ್ತಿಗೆ ಅತ್ತೆ ಒಳಗಿಂದ ಬಂದರು. ಸದ್ಯ, ಸೊಸೆಯ ಪರವಾಗಿ ನಾಲ್ಕು ಮಾತಾಡುತ್ತಾರೆ ಅಂದುಕೊಂಡೆ. ಅವರು ಕುಂಡವನ್ನು ಕೈಯಲ್ಲಿ ಎತ್ತಿ, ಬೆರಳಿನಿಂದ ಬಡಿದು ಸದ್ದು ಕೇಳಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಕೊಟ್ಟು ಕಳ್ಸಮ್ಮಿ ಬೇಗ, ಅವ್ಳು ಮನ್ಸು ಬದ್ಲಾಯಿಸೋಗಂಟ ಕಾಯ್ಬೇಡ. ಈ ಕುಂಡದಲ್ಲಿ ಕೊತ್ತಂಬ್ರಿನಾರ ಬೆಳೀತದೆ, ನಿನ್ ಸರದಲ್ಲಿ ಏನ್ ಬೆಳೀತದೆ?"

ಸೊಟ್ಟ ಬೇಕು

ಹೊಸ ಹೈವೇ ಬಂದ ಮೇಲೆ ಮದ್ದೂರಿಗೆ ಇಳಿಯುವ ಕಾರುಗಳು ಕಮ್ಮಿ. ಇಳಿದರೂ ವಡೆಗೆ ಇಳಿಯುತ್ತವೆ. ಹಾಗೆ ವಡೆಗೆ ಇಳಿದ ಬೆಂಗಳೂರಿನ ಒಬ್ಬ ಮಹಿಳೆ ಯಾರನ್ನೋ ವಿಚಾರಿಸಿಕೊಂಡು ನಮ್ಮ ಮನೆಗೂ ಬಂದರು. ಕೈಮಗ್ಗದ ಸೀರೆ, ಎಂಟಾಣೆ ಅಗಲದ ಬೊಟ್ಟು, ಕಣ್ಣಿಗೆ ಕಾಡಿಗೆ. ನನ್ನ ಒಡವೆಗಳನ್ನು ಕಂಡ ಕೂಡಲೇ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಬ್ಬಾ, ಇದು ಒಡವೆ ಅಲ್ಲ, ಇದು ಧರಿಸುವ ಕಲೆ!" ಅಂದರು. ಒಡವೆ ಅಲ್ಲ ಎನ್ನುವುದರಲ್ಲಿ ಆಕೆಗೂ ನಮ್ಮತ್ತೆಗೂ ಭಿನ್ನಾಭಿಪ್ರಾಯವಿರಲಿಲ್ಲ.

"ಇದು ಯಾವ ಬುಡಕಟ್ಟಿನ ಶೈಲಿ?"

"ನಮ್ಮ ಮನೆಯದೇ."

"ಇದರ ಹಿಂದಿನ ಕಥೆ ಏನು?"

"ಕಥೆ ಏನಿಲ್ಲ. ಮಣ್ಣಿತ್ತು, ಮಾಡಿದೆ."

ಆಕೆಯ ಮುಖ ಬಾಡಿತು. ಕಥೆಯಿಲ್ಲದ ಮಣಿ ಅವರಿಗೆ ಉಪ್ಪಿಲ್ಲದ ವಡೆ. ಎದ್ದು ಹೊರಡುವಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಾನು ಬಿಸಾಡಲು ಇಟ್ಟಿದ್ದ ಬುಟ್ಟಿ ಕಣ್ಣಿಗೆ ಬಿತ್ತು. ಚಪ್ಪಟೆಯಾದವು, ಸೊಟ್ಟವು, ಬಿರುಕು ಬಿಟ್ಟವು ಎಲ್ಲ ಅದರಲ್ಲಿದ್ದವು. ಆಕೆ ಓಡಿಹೋಗಿ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಇದು! ಇದರಲ್ಲಿ ಜೀವ ಇದೆ! ಬಾಕಿಯದು ಯಂತ್ರದ ಹಾಗೆ ದುಂಡಗಿದೆ."

ಕೈಯಿಂದ ಮಣಿ ದುಂಡಗೆ ಬರಲಿ ಎಂದು ನಾನು ವರ್ಷಗಟ್ಟಲೆ ಉಜ್ಜಿ ಉಜ್ಜಿ ಅಂಗೈ ಸವೆಸಿಕೊಂಡಿದ್ದೆ. ಆಕೆ ಬುಟ್ಟಿ ಸಮೇತ ಕೊಂಡುಕೊಂಡರು. ಮುಂದಿನ ಸಲ ಬರುವಷ್ಟರಲ್ಲಿ ಇನ್ನಷ್ಟು ಸೊಟ್ಟ ಮಾಡಿಡಿ ಎಂದು ಹೇಳಿ ಹೋದರು. ಕಲಿತದ್ದನ್ನೆಲ್ಲ ಮರೆತು, ಹಲ್ಲು ಕಚ್ಚಿಕೊಂಡು ಸೊಟ್ಟ ಮಾಡಿದೆ. ದುಂಡಗೆ ಮಾಡುವುದಕ್ಕಿಂತ ಅದು ಕಷ್ಟ. ಕೈ ತಾನಾಗಿಯೇ ನೆಟ್ಟಗೆ ಮಾಡಿಬಿಡುತ್ತದೆ.

ಆಕೆ ಮತ್ತೆ ಬಂದರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. "ಇಲ್ಲ. ಇದು ಬೇಕು ಅಂತಲೇ ಸೊಟ್ಟ ಮಾಡಿರೋದು. ಮೊದಲಿನ ಮುಗ್ಧತೆ ಇದರಲ್ಲಿಲ್ಲ."

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಅಯ್ಯೋ, ಮೊದ್ಲಿನವ ಇವ್ಳೆಲ್ಲಿ ಮಾಡಿದ್ಳವ್ವ? ಅಸಿ ಮಣಿ ಒಣಾಕಿದ್ಲು, ನಾನು ಇತ್ತಲಿಗೋಗೋವಾಗ ನೋಡ್ದಲೆ ತುಳ್ದ್‌ಬುಟ್ಟಿದ್ದೆ."

ನಾನು ನೆಲ ಬಾಯಿ ಬಿಡಲಿ ಎಂದು ಕಾಯುತ್ತಿದ್ದರೆ ಆಕೆ ಕಣ್ಣರಳಿಸಿಕೊಂಡು ಅತ್ತೆಯ ಮುಂದೆ ಕೂತರು. ಹೊರಡುವ ಮುಂಚೆ ಅವರ ಎರಡೂ ಪಾದಗಳ ಫೋಟೋ ತೆಗೆದುಕೊಂಡರು. ನನ್ನ ಕೈಯ ಫೋಟೋ ಇವತ್ತಿನವರೆಗೂ ಒಂದು ನಾಯಿಯೂ ತೆಗೆದಿಲ್ಲ.

ರಸಿಕಳು

ಒಬ್ಬಳು ಮಾತ್ರ ಒಳ್ಳೆಯ ಗಿರಾಕಿ ಸಿಕ್ಕಿದ್ದಳು. ನಮ್ಮ ಬೀದಿಯ ತುದಿಮನೆಗೆ ಹೊಸದಾಗಿ ಬಂದ ಸೊಸೆ. ಮೆತ್ತಗೆ ಬರುತ್ತಿದ್ದಳು, ಒಂದು ಜೊತೆ ಓಲೆ ಆರಿಸುತ್ತಿದ್ದಳು, ಚೌಕಾಸಿ ಇಲ್ಲ. "ಬಣ್ಣ ಅಚ್ಚಿರೋದು ಬ್ಯಾಡಿ ಮೇಡಂ, ಬರೀ ಸುಟ್ಟಿರೋದು ಕೊಡಿ" ಅನ್ನುತ್ತಿದ್ದಳು. ವಾರ ತುಂಬುವುದರೊಳಗೆ ಮತ್ತೆ ಹಾಜರು. ಒಮ್ಮೆ ಓಲೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡಳು. ನನಗೆ ಕಣ್ಣು ತುಂಬಿಬಂತು. ಮಣ್ಣಿನ ನಿಜವಾದ ಬಣ್ಣ, ನಿಜವಾದ ಗಂಧ ತಿಳಿದ ಹೆಣ್ಣು ಇಡೀ ಮದ್ದೂರಿನಲ್ಲಿ ಇವಳೊಬ್ಬಳೇ ಎಂದು ಯಜಮಾನರಿಗೂ ಹೇಳಿದೆ. ಅವಳಿಗೋಸ್ಕರ ಸಣ್ಣ ಸಣ್ಣ ಹೂವಿನ ಓಲೆ ಬೇರೆಯಾಗಿ ಮಾಡಿಟ್ಟೆ.

ಹೊಸ ಡಿಸೈನ್ ಬಂದಿದೆ ಎಂದು ಹೇಳಿಕಳಿಸಿದ ದಿನ ಅವಳ ಬದಲು ಅವಳತ್ತೆ ಬಂದರು. ಬಾಗಿಲಿನಿಂದಲೇ ಶುರು.

"ನೋಡಮ್ಮ, ನಮ್ಮ ಉಡ್ಗಿಗೆ ಇನ್ನು ಒಂದು ಓಲೆನೂ ಕೊಡ್ಕೂಡ್ದು!"

"ಯಾಕೆ? ಅವಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತಲ್ಲ."

"ಒಪ್ಪೋದೇನ್ ಬಂತು, ಅವ್ಳು ಆಕ್ಕೊಂಡಿದ್ದನ್ನ ನೀನ್ ಯಾವತ್ತಾರ ನೋಡಿದ್ದೀಯಾ? ಉಡ್ಗಿ ಬಸ್ರಿ ಕಣಮ್ಮ, ಮಣ್ಣಿನ ಬಯ್ಕೆ. ದಿಂಬಿನ ತಳದಲ್ಲಿ ಮಡೀಕಂಡು ಒಂದೊಂದೇ ಕಡ್ಕಂಡು ತಿಂತಾವ್ಳೆ! ನೆನ್ನೆ ಡಾಕ್ಟ್ರು ಬೈದ್ರು, ರಕ್ತ ಕಮ್ಮಿ ಐತೆ ಅಂತ ಮಾತ್ರೆ ಬರ್ಕೊಟ್ಟವ್ರೆ."

ಹುಡುಗಿ ಈಗ ಮಾತ್ರೆ ನುಂಗಿಕೊಂಡು ಚೆನ್ನಾಗಿದ್ದಾಳೆ. ಆದರೆ ಒಂದು ಮಾತು ನಿಜ. ನನ್ನ ಒಡವೆಯನ್ನು ಮನಸಾರೆ ಇಷ್ಟಪಟ್ಟವಳು ಅವಳೊಬ್ಬಳೇ, ಅವಳಿಗೂ ಡಾಕ್ಟರು ಬೇಡ ಅಂದುಬಿಟ್ಟರು.

ಕತ್ತು ಒಸಿ ದಪ್ಪ

ಅತ್ತೆಯ ತಮ್ಮ ಒಬ್ಬರಿದ್ದಾರೆ, ಕೆರಗೋಡಿನಲ್ಲೇ ಬೇಸಾಯ. ಸಂಕ್ರಾಂತಿಗೆ ಸ್ವಲ್ಪ ಮುಂಚೆ ಬಂದವರು ನನ್ನ ಕೆಲಸದ ಮುಂದೆ ಕೂತು ಮೀಸೆ ತಿರುವಿದರು. "ಅವ್ವಾ, ಅಬ್ಬಕ್ಕೆ ಮನೆಗೊಂದು ದೊಡ್ಡ ಸರ ಬೇಕು. ನಿನ್ ತಾವ ಇರೋದ್ರಲ್ಲೆಲ್ಲಾ ಗ್ರ್ಯಾಂಡಾಗಿರ್ಬೇಕು. ಜೊತೆಗೆ ಜುಮ್ಕಿ."

ನಮ್ಮ ಕಡೆಯ ಒಬ್ಬ ಗಂಡಸು ಹೆಂಡತಿಗೆ ಹಬ್ಬಕ್ಕೆ ಒಡವೆ ಕೇಳಿಕೊಂಡು ಬಂದದ್ದೇ ನನಗೆ ಹಬ್ಬ. ಅಳತೆ ಕೇಳಿದೆ.

"ಉದ್ದ ಮಾಡು. ಕತ್ತು ಒಸಿ ದಪ್ಪ."

ಪಾಪ, ಅವರ ಹೆಂಡತಿ, ಅಂದರೆ ಅತ್ತೆಯ ನಾದಿನಿ, ಮೈಕಟ್ಟಿನ ಹೆಂಗಸು. ಗಂಡ ಅಷ್ಟಾದರೂ ಗಮನಿಸಿದ್ದಾನಲ್ಲ ಎಂದು ಮನಸ್ಸು ಕರಗಿತು. ಕೆಂಪು, ಹಸಿರು, ಹಳದಿ ದೊಡ್ಡ ಮಣಿ, ನಡುವೆ ಸೂರ್ಯನ ಪದಕ, ಗಂಟೆಯ ಆಕಾರದ ಜುಮಕಿ. ಮಾಡಿಕೊಟ್ಟೆ.

ಸಂಕ್ರಾಂತಿ ಸಂಜೆ ಕಿಚ್ಚು ಹಾಯಿಸುವುದನ್ನು ನೋಡಲು ಅತ್ತೆಯ ಜೊತೆ ಕೆರಗೋಡಿಗೆ ಹೋದೆ. ರಸ್ತೆಗೆ ಅಡ್ಡವಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿದ್ದರು. ನಾನು ಜನರ ನಡುವೆ ಅತ್ತೆಯ ನಾದಿನಿಯನ್ನು ಹುಡುಕುತ್ತಿದ್ದೆ. ಸಿಕ್ಕಿದರು. ಕೊರಳಲ್ಲಿ ಕರಿಮಣಿ ಬಿಟ್ಟರೆ ಏನಿಲ್ಲ. ಅಷ್ಟರಲ್ಲಿ ಹೋ ಎನ್ನುವ ಕೂಗೆದ್ದಿತು. ಬೆಂಕಿಯ ಮೇಲಿಂದ ಹಾರಿಕೊಂಡು ಬಂತು ಅವರ ಮನೆಯ ಎತ್ತು. ಕತ್ತಿನಲ್ಲಿ ನನ್ನ ಸರ, ಕೊಂಬಿನ ತುದಿಯಲ್ಲಿ ನನ್ನ ಜುಮಕಿ, ಎದೆಯ ಮೇಲೆ ಸೂರ್ಯ.

ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡಿತು. ಅಲ್ಲೇ ಇಬ್ಬರು ನನ್ನ ಹತ್ತಿರ ಬಂದು ನಮ್ಮ ಹೋರಿಗೂ ಒಂದು ಮಾಡಿಕೊಡವ್ವ ಅಂದರು. ಅತ್ತೆಯ ನಾದಿನಿ ನನ್ನ ಪಕ್ಕ ನಿಂತು, "ಮದ್ವೆಯಾಗಿ ಬಂದಾಗಿಂದ ನಂಗೊಂದು ಬಳೆ ತಂದವ್ನಲ್ಲ, ನೋಡು ಆ ಮೂದೇವಿ" ಎಂದು ಹಲ್ಲು ಕಡಿದರು. ಮೂದೇವಿ ಅಂದದ್ದು ಎತ್ತಿಗಲ್ಲ.

ಅತ್ತೆ ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದರು. ಮುಖದ ಮೇಲೆ ಬೆಂಕಿಯ ಬೆಳಕು.

"ಎಷ್ಟು ಚೆನ್ನಾಗೈತೆ!" ಅಂದರು.

ನಾನು ಅವರ ಪಕ್ಕಕ್ಕೆ ಸರಿದೆ. "ಸರನಾ ಅತ್ತೆ?"

"ಎತ್ತು ಕಣಮ್ಮಿ."

ಹಾರ ಬಂದಿಲ್ಲ

ಮಂಡ್ಯದಲ್ಲಿ ಮಹಿಳೆಯರ ಕೈಕಸುಬಿನ ಒಂದು ಪ್ರದರ್ಶನ. ವೇದಿಕೆಯ ಹಿಂದೆ ದೊಡ್ಡ ಬ್ಯಾನರು, ಅದರ ಮೇಲೆ ಕಲೆ, ಪರಂಪರೆ, ಸಬಲೀಕರಣ ಎನ್ನುವ ಮಾತುಗಳು, ಅವುಗಳ ಮೇಲೆ ಮುಖ್ಯ ಅತಿಥಿಯ ಮುಖ. ಮುಖದ ಗಾತ್ರದ ಮುಂದೆ ಮಿಕ್ಕಿದ್ದೆಲ್ಲ ಬೊಟ್ಟಿನಷ್ಟು. ನಾನು ಭತ್ತದ ತೆನೆಯ ಸರ ಇಟ್ಟಿದ್ದೆ. ಒಂದೊಂದು ಕಾಳನ್ನೂ ಬೇರೆ ಬೇರೆ ಮಾಡಿ, ಸೂಜಿಯಿಂದ ಗೆರೆ ಕೊರೆದು, ಸುಟ್ಟು, ತೆನೆ ಬಾಗಿದ ಹಾಗೆ ಪೋಣಿಸಿದ್ದು. ಗದ್ದೆಯಲ್ಲಿ ಬೆಳೆದ ಅತ್ತೆ ಇದನ್ನಾದರೂ ಒಪ್ಪಿಯಾರು ಎಂದು ಅವರನ್ನೂ ಕರೆದುಕೊಂಡು ಹೋಗಿದ್ದೆ. ಅವರು ಊಟ ಇದೆ ಎಂದು ಕೇಳಿ ಬಂದಿದ್ದರು.

ಮುಖ್ಯ ಅತಿಥಿ ಬಂದರು, ಬೆಳಗಿನ ಕಾರ್ಯಕ್ರಮಕ್ಕೆ ಮಧ್ಯಾಹ್ನ. ನಮ್ಮ ಕಡೆಯ ಒಬ್ಬ ಮುಖಂಡರು, ಹೆಸರು ಬೇಡ. ಅವರು ಬಂದರೂ ಅವರಿಗೆ ಹಾಕಬೇಕಾದ ಹಾರ ಬಂದಿರಲಿಲ್ಲ, ತರಲು ಹೋದವನು ಎಲ್ಲೋ ಸಿಕ್ಕಿಹಾಕಿಕೊಂಡಿದ್ದ. ಸಂಘಟಕಿ ಬೆವರುತ್ತಾ ಆಚೀಚೆ ನೋಡಿದಳು. ನನ್ನ ಸರ ಕಂಡಿತು.

"ಮೇಡಂ, ಇದನ್ನೇ ಹಾಕೋಣ. ಹೊಸ ಥರ ಇರುತ್ತೆ."

ನಾನು ಬೇಡ ಅನ್ನಲಿಲ್ಲ. ವೇದಿಕೆಯ ಮೇಲೆ, ಮೈಕಿನ ಮುಂದೆ, ಅತ್ತೆಯ ಕಣ್ಣೆದುರಿಗೆ! ಸಂಘಟಕಿ ಭಕ್ತಿಯಿಂದ ಸರವನ್ನು ಮುಖಂಡರ ಕೊರಳಿಗೆ ಹಾಕಿದಳು. ಚಪ್ಪಾಳೆ ಬಿತ್ತು.

ಈಗ ನಮ್ಮ ಮುಖಂಡರ ಅಭ್ಯಾಸ ನಿಮಗೆ ಗೊತ್ತಿದೆ. ಕೊರಳಿಗೆ ಹಾರ ಬಿದ್ದ ಗಳಿಗೆಯಲ್ಲೇ ಎರಡು ಕೈಗಳು ತಾವಾಗಿ ಮೇಲೆ ಹೋಗುತ್ತವೆ, ಹಾರ ತೆಗೆದು ನೋಡದೆ ಪಕ್ಕಕ್ಕೆ ಎಸೆಯುತ್ತವೆ. ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ಎಸೆದರು. ಸರ ಮೇಜಿಗೆ ಬಡಿದು, ಅಲ್ಲಿಂದ ನೆಲಕ್ಕೆ ಬಿದ್ದು, ಭತ್ತ ಬಡಿದ ಕಣದ ಹಾಗೆ ಕಾಳುಕಾಳಾಗಿ ಹರಡಿತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಮುಖಂಡರು ಭಾಷಣ ಶುರು ಮಾಡಿದರು. "ಈ ಮಣ್ಣಿನ ಕಲೆಯನ್ನು ಕಾಪಾಡುವುದು ನಮ್ಮೆಲ್ಲರ ಕರ್ತವ್ಯ" ಎಂದು ಒಂದು ಹೆಜ್ಜೆ ಮುಂದೆ ಬಂದರು. ಬೂಟಿನ ಕೆಳಗೆ ಕರಕ್ ಅಂತು. "ಇದನ್ನು ಮುಂದಿನ ಪೀಳಿಗೆಗೆ ದಾಟಿಸಬೇಕು" ಎಂದು ಇನ್ನೊಂದು ಹೆಜ್ಜೆ. ಕರಕ್. ಮೈಕು ಒಳ್ಳೆಯದಿತ್ತು, ಆ ಸದ್ದೂ ಸಭೆಯ ಕೊನೆಯವರೆಗೆ ಕೇಳಿಸಿತು. ನನಗೆ ಹೋಗಿ ಆ ಬೂಟು ಕಿತ್ತುಕೊಂಡು ಅದರಲ್ಲೇ ಎರಡು ಬಾರಿಸಬೇಕು ಅನ್ನಿಸಿತು.

ಭಾಷಣ ಮುಗಿದ ಮೇಲೆ ಫೋಟೋದವನು ಮುಂದೆ ಬಂದು ಕೈಯೆತ್ತಿದ. "ಸಾರ್, ಆರ ಆಕಿದ್ದು ಸರಿಯಾಗಿ ಬಂದಿಲ್ಲ. ಇನ್ನೊಂದ್ಸಲ."

ಸಂಘಟಕಿ ನನ್ನ ಮೇಜಿನ ಮೇಲಿದ್ದ ಇನ್ನೊಂದು ಸರದ ಕಡೆ ನೋಡಿದಳು. ನಾನು ಅದನ್ನು ಎದೆಗವಚಿಕೊಂಡು ಹಿಂದಕ್ಕೆ ಸರಿದೆ. ಮುಂದಿನ ಸಾಲಿನಿಂದ ಅತ್ತೆಯ ದನಿ ಕೇಳಿತು.

"ಕೊಟ್ಬುಡಮ್ಮಿ ಅತ್ಲಾಗೆ, ಅನ್ನ ಆರೋಯ್ತದೆ!"

ಬೀಗಿತಿಯ ಕೊರಳು

ಇದು ಎಲ್ಲಕ್ಕಿಂತ ಮಿಗಿಲು.

ಅತ್ತೆ ಊರಿಗೆ ಹೋಗಿದ್ದ ಒಂದು ದಿನ ಮನೆಯ ಮುಂದೆ ಕಾರು ನಿಂತಿತು. ಮಳವಳ್ಳಿ ಕಡೆಯ ಒಬ್ಬ ಹೆಂಗಸು ಇಳಿದರು. ದೊಡ್ಡ ಮನೆತನದ ಗತ್ತು, ಕಣ್ಣಿಗೆ ಕಪ್ಪು ಕನ್ನಡಕ. ಒಳಗೆ ಬಂದವರೇ, "ಬಾಗ್ಲಾಕಮ್ಮ" ಅಂದರು. ಹಾಕಿದೆ.

"ಮಗನ ಮದ್ವೆ. ಒಸಾ ಮನೆ ಕಟ್ಟುದ್ವಿ, ನನ್ ಒಡ್ವೆಯೆಲ್ಲ ಬ್ಯಾಂಕಲ್ಲಿ ಅಡ ಬಿದ್ದವೆ. ಉಡ್ಗನ ತಾಯಿ ಬರೀ ಕತ್ತಲ್ಲಿ ನಿಂತ್ಕಳಕ್ಕಾಯ್ತದಾ?"

"ಒನ್ ಗ್ರಾಂ ಗೋಲ್ಡ್ ಸಿಗುತ್ತಲ್ಲ."

"ಅದ ಆಕ್ಕೊಂಡ್ರೆ ದೂರದಿಂದ್ಲೇ ಕಂಡಿಡೀತಾರೆ. ಎಲ್ರ ಕತ್ತಲ್ಲಿರೋದೂ ಅದೇ ತಾನೆ? ನೀನು ದೇವ್ರು, ನವಿಲು ಕೆತ್ತಿರೋ ಅಳೇ ಕಾಲದ ನಕಾಸಿ ಚಿನ್ನದಂಗೆ ಮಾಡ್ಕೊಡು. ಯಾರ್ಗೂ, ನಿಮ್ಮನೇವ್ರಿಗೂ ಏಳ್ಕೂಡ್ದು. ದೇವ್ರಾಣೆ ಮಾಡು."

ಆಣೆ ಮಾಡಿದೆ. ನಗು ತಡೆದುಕೊಂಡೇ ಮಾಡಿದೆ. ಆದರೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕೆಲಸಕ್ಕೆ ಕೂತಾಗ ನಗು ಹೋಯಿತು. ಇಷ್ಟು ದಿನ ಕೈಗೆ ಬಂದ ವಿದ್ಯೆಯನ್ನೆಲ್ಲ ಅದರಲ್ಲಿ ಸುರಿದೆ. ಸಾಸಿವೆಯಂಥ ಮಣಿಗಳ ಸಾಲು, ಎರಡು ಕಡೆ ಗರಿ ಬಿಚ್ಚಿದ ನವಿಲು, ನಡುವೆ ಕಮಲದ ಮೇಲೆ ಕೂತ ಲಕ್ಷ್ಮಿ. ಬಂಗಾರದ ಬಣ್ಣ ಹಚ್ಚಿ, ಸಂದುಗಳಲ್ಲಿ ಕಪ್ಪು ತುಂಬಿ ಒರೆಸಿ, ನೂರು ವರ್ಷ ಕೊರಳಿಂದ ಕೊರಳಿಗೆ ಬಂದ ಹಾಗೆ ಮಾಡಿದೆ. ಮುಗಿದಾಗ ನನಗೇ ಕೊಟ್ಟುಬಿಡಲು ಮನಸ್ಸಾಗಲಿಲ್ಲ. ಅತ್ತೆ ಇದೊಂದನ್ನು ನೋಡಬೇಕಿತ್ತು, ಆಣೆ ಹಾಕಿ ನನ್ನ ಬಾಯಿಗೆ ನಾನೇ ಬೀಗ ಜಡಿದುಕೊಂಡೆನಲ್ಲ ಎಂದು ಹಳಹಳಿಸಿದೆ.

ಆಮೇಲೆ ಅತ್ತೆಯ ತವರಿನ ದೂರದ ನೆಂಟರ ಹುಡುಗಿಯ ಮದುವೆ ಬಂತು, ಮಳವಳ್ಳಿಯ ಒಂದು ಛತ್ರದಲ್ಲಿ. ಅತ್ತೆಯ ಜೊತೆ ನಾನೂ ಹೋದೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತ ನಿಂತಿದ್ದ ಹುಡುಗನ ತಾಯಿಯನ್ನು ನೋಡಿದರೆ, ಅದೇ ಹೆಂಗಸು. ಕೊರಳಲ್ಲಿ ನನ್ನ ಲಕ್ಷ್ಮಿ. ನನ್ನನ್ನು ಕಂಡದ್ದೇ ಆಕೆ ಸೆರಗನ್ನು ಕೊರಳಿನ ಮೇಲೆ ಎಳೆದುಕೊಂಡು ಕಣ್ಣಿನಲ್ಲೇ ಬೇಡಿಕೊಂಡರು.

ನಮ್ಮ ಕಡೆ ಮದುವೆಮನೆಗಳಲ್ಲಿ ಹೆಂಗಸರಿಗೊಂದು ಚಾಳಿ. ಎದುರಿಗಿರುವವಳ ಸರವನ್ನು ಕೊರಳಲ್ಲಿದ್ದ ಹಾಗೆಯೇ ಅಂಗೈಯಲ್ಲಿ ಎತ್ತಿ ತೂಕ ಅಂದಾಜು ಮಾಡುವುದು. ಕೇಳುವುದಿಲ್ಲ, ಹೇಳುವುದಿಲ್ಲ, ಕೈ ಹಾಕುವುದೇ. ಅತ್ತೆ ಸೆರಗು ಸರಿಸಿ ಕೈ ಹಾಕಿಯೇಬಿಟ್ಟರು.

"ಅಬ್ಬಬ್ಬಾ! ಏನಿಲ್ಲ ಅಂದ್ರೂ ಅತ್ತು ಸವರನ್ ಮೇಲೈತೆ. ಎಲ್ಲಿ ಮಾಡ್ಸಿದ್ರಿ ಬೀಗಿತಿ?"

"ನಮ್ಮತ್ತೇದು... ಅವ್ರ್‌ಗೆ ಅವ್ರತ್ತೆ ಕೊಟ್ಟಿದ್ದು" ಎಂದು ಆಕೆ ಮತ್ತೆ ಸೆರಗಿಗೆ ಕೈ ಹಾಕಿದರು.

ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. "ನೋಡಮ್ಮಿ, ಆ ನವಿಲ ಗರಿ ನೋಡು, ಲಕ್ಸ್ಮಿ ಕಣ್ಣು ನೋಡು. ಅಳೇ ಕಾಲದ ಆಚಾರ್ರ ಕೈಕೆಲ್ಸ. ಈಗಿನವ್ರ ಕೈಲಿ ಆಯ್ತದಾ? ನೀನೂ ಉಂಡೆ ಕಟ್ತಾ ಕುಂತಿರ್ತೀಯಲ್ಲ, ಕಣ್ಬುಟ್ಟು ನೋಡ್ಕೊ."

ನಾನು ಕಣ್ಣು ಬಿಟ್ಟು ನೋಡಿದೆ, ಬಾಯಿ ಬಿಡುವ ಹಾಗಿರಲಿಲ್ಲ. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ತವರಿನ ಕಡೆಯ ಹೆಂಗಸರನ್ನೆಲ್ಲ ಕರೆಕರೆದು ತೋರಿಸಿದರು. ಎಲ್ಲರೂ ಬಂದರು, ಎಲ್ಲರೂ ಎತ್ತಿದರು, ಎಲ್ಲರೂ ಲೊಚಗುಟ್ಟಿದರು. ಒಬ್ಬಳು ಹನ್ನೆರಡು ಸವರನ್ ಅಂದಳು. ಚಿನ್ನದ ವಿಷಯದಲ್ಲಿ ನಮ್ಮವರಿಗಿರುವ ಜ್ಞಾನ ದೊಡ್ಡದು.

ಧಾರೆಯ ಹೊತ್ತಾಯಿತು. ವಧೂವರರ ಕೈಯಲ್ಲಿ ತೆಂಗಿನಕಾಯಿ, ಕೆಳಗೆ ಹಾಲು ಹಿಡಿಯಲು ಹರಿವಾಣ, ವಾಲಗ ಜೋರಾಯಿತು. ಒಬ್ಬೊಬ್ಬರೇ ಬಂದು ಕಾಯಿಯ ಮೇಲೆ ಹಾಲು ಎರೆದರು. ಹುಡುಗನ ತಾಯಿಯ ಸರದಿ ಬಂತು. ಚೊಂಬು ಹಿಡಿದು ಭಕ್ತಿಯಿಂದ ಬಗ್ಗಿದರು. ಸರ ಮುಂದಕ್ಕೆ ಜೋತು ತೂಗಿತು, ಲಕ್ಷ್ಮಿ ಹೋಗಿ ತೆಂಗಿನಕಾಯಿಗೆ ಬಡಿಯಿತು. ಟಕ್ ಅಂತು. ಅರ್ಧ ಲಕ್ಷ್ಮಿ ಕೊರಳಲ್ಲಿ ಉಳಿಯಿತು, ಇನ್ನರ್ಧ ಒಂದು ನವಿಲಿನ ಸಮೇತ ಹರಿವಾಣದ ಹಾಲಿಗೆ ಬಿತ್ತು. ಒಡೆದ ಕಡೆ ಕೆಂಪಗೆ ಮಣ್ಣು.

ಪುರೋಹಿತರ ಮಂತ್ರ ನಿಂತಿತು. ವಾಲಗದವರು ಏನೂ ತಿಳಿಯದೆ ಊದುತ್ತಲೇ ಇದ್ದರು. ಯಾರೋ ಪಿಸುಗುಟ್ಟಿದರು, "ಮಣ್ಣು ಕಣ್ರೇ!" ಹನ್ನೆರಡು ಸವರನ್ ಅಂದವಳು ತನಗೆ ಮೊದಲೇ ಅನುಮಾನವಿತ್ತು ಅಂದಳು. ಬೀಗಿತಿ ಚೊಂಬು ಹಿಡಿದುಕೊಂಡೇ ಸೆರಗಿನಿಂದ ಕೊರಳು ಮುಚ್ಚಿಕೊಂಡರು. ನನಗೆ ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಯಿತು. ಗುಟ್ಟು ರಟ್ಟಾದ ಮೇಲೆ ಆಣೆಯ ಹಂಗೇನು?

ಅತ್ತೆ ಜನರನ್ನು ತಳ್ಳಿಕೊಂಡು ಮುಂದೆ ಹೋದರು. ಹಾಲಿನಲ್ಲಿ ಕೈಯಾಡಿಸಿ ಚೂರನ್ನು ಎತ್ತಿಕೊಂಡರು. ಸೆರಗಿನಲ್ಲಿ ಒರೆಸಿದರು. ಉಗುರಿನಿಂದ ಮಣ್ಣು ಕೆರೆದು ನೋಡಿದರು, ಮತ್ತೆ ತಿರುಗಿಸಿ ಲಕ್ಷ್ಮಿಯ ಮುಖ ನೋಡಿದರು, ನವಿಲಿನ ಗರಿಯ ಮೇಲೆ ಬೆರಳಾಡಿಸಿದರು. ಬ್ಯಾಂಕಿನವನು ಅವರ ಚಿನ್ನ ತೂಗುವಾಗಲೂ ಅವರು ಅಷ್ಟು ಹೊತ್ತು ಕಣ್ಣಿಟ್ಟು ನೋಡಿದವರಲ್ಲ.

"ಮಣ್ಣಾದ್ರೆ ಏನಾಯ್ತು?" ಎಂದು ಇಡೀ ಛತ್ರಕ್ಕೆ ಕೇಳುವ ಹಾಗೆ ಹೇಳಿದರು. "ಇಂಥಾ ಕೆಲ್ಸ ಚಿನ್ನದಲ್ಲೂ ನೋಡಿಲ್ಲ ನಾನು. ಒಡ್ವೆ ಅಂದ್ರೆ ಇದೇ ಒಡ್ವೆ."

ಕಣ್ಣೀರು ಒರೆಸಿಕೊಳ್ಳುತ್ತ ಅವರ ಹತ್ತಿರ ಹೋದೆ. "ಅತ್ತೆ, ಅದನ್ನ..."

"ನೀನ್ ಸುಮ್ಕಿರು" ಎಂದು ಅತ್ತೆ ಚೂರನ್ನು ನನ್ನ ಮೂಗಿನ ಮುಂದೆ ಹಿಡಿದರು. "ಬಾಯ್ಬಾಯಿ ಬುಡ್ಬೇಡ. ಇದ ಮಾಡ್ದೋಳು ಯಾರು, ಯಾವೂರು ಅಂತ ಬೀಗಿತಿ ತಾವ ಕೇಳ್ಕೊ. ನಾಳೀಕೇ ಓಗಿ, ಅವ್ಳ ಕಾಲ್ಗೆ ಬಿದ್ದು ಒಸಿ ಕಲ್ತ್ಕೊಂಡ್ ಬಾ."